ಅಳತೆ ಪುಸ್ತಕ

ಬಾಟಮ್ ಹದಿಮೂರು. ಸೊಂಟ ಇಪ್ಪತ್ತೆಂಟು.
ಕೋಟಿಗೆ ಕಾಲರ್ ಬೇಡ, ಗುಂಡಿ ನಾಲ್ಕು.
ಕೆಳಗೆ ಅಂಬಾಜಿ ಮಾಸ್ತರರ ಕೋಳಿಕಾಲು ಕನ್ನಡ:
'ಟ್ರಾಮ್‌ಲೈನ್ಸ್ ಹುಡುಗರು. ನಾಲ್ಕೂ ಒಂದ ನಮೂನಿ. ಶನಿವಾರಕ್ಕ.'

ಮುಂಬಯಿಯಲ್ಲಿ ಟ್ರಾಮು ನಿಂತ ವರ್ಷ ಅದು.
ಹಳಿಗಳನ್ನಿನ್ನೂ ಕಿತ್ತಿರಲಿಲ್ಲ.
ನಿಂತುಹೋದದ್ದರ ಹೆಸರಿಟ್ಟುಕೊಂಡು ಶುರುವಾದವರು;
ಆಗ ಯಾರಿಗೂ ಅಪಶಕುನ ಅನ್ನಿಸಲಿಲ್ಲ.

ನಾನು ಕಾಜಾ ಹುಡುಗ. ಹದಿನಾಲ್ಕು. ಹುಬ್ಬಳ್ಳಿ ಬಿಟ್ಟು ಎಂಟು ತಿಂಗಳು.
ಧೋಬಿ ತಲಾವಿನ ಗಲ್ಲಿಯಲ್ಲಿ ಅಂಗಡಿ, ಅದರ ತಲೆಯ ಮೇಲೆ
ಗೋವೆಯ ಹಡಗು ಕೆಲಸದವರು ತಂಗುವ ಕೂಡು:
ತಗಡಿನ ಟ್ರಂಕುಗಳ ಸಾಲು, ಗೋಡೆಗೊಬ್ಬ ಸಂತ.
ಅಲ್ಲಿ ಅವರ ಅಭ್ಯಾಸ. ಎಂಟಕ್ಕೆ ಜಪಮಾಲೆ,
ಅಷ್ಟರೊಳಗೆ ಗಿಟಾರು ಬಾಯಿ ಮುಚ್ಚಬೇಕು.
ಡ್ರಮ್ಮಿನ ಏಟಿಗೆ ಸುಣ್ಣ ಉದುರಿ
ಕರಿ ಬಟ್ಟೆಯ ಮೇಲೆ ಬೀಳುತ್ತಿತ್ತು. ಊದಿ ಊದಿ ಹೊಲಿಯುತ್ತಿದ್ದೆ.
ಅವರ ಹಾಡು ಎರಡೂವರೆ ನಿಮಿಷ.
ಎರಡು ಹಾಡಿಗೆ ನನ್ನದೊಂದು ಕಾಜಾ.

ಇಸ್ತ್ರಿಯ ಬಿಸಿ ಆರದ ಕೋಟು ಹೊತ್ತು
ಚರ್ಚ್‌ಗೇಟಿನ ಹೋಟೆಲಿನ ಹಿಂಬಾಗಿಲಿಗೆ ಹೋದವನು
ಪರದೆಯ ಸಂದಿಯಲ್ಲಿ ಕಂಡೆ:
ಎಲ್ವಿನೊ ತಲೆ ಕೊಡವಿದರೆ ಕಾಲೇಜು ಹುಡುಗಿಯರು
ಚಪ್ಪಲಿ ಬಿಟ್ಟು ಕುಣಿಯುತ್ತಿದ್ದರು.
ಅಷ್ಟು ದೊಡ್ಡ ಚಪ್ಪಲಿ ರಾಶಿ
ಸಿದ್ಧಾರೂಢರ ಮಠದ ಮುಂದೆ ಮಾತ್ರ ನೋಡಿದ್ದೆ.

ಹಾಳೆ ತಿರುವಿದರೆ ಬಾಟಮ್ ಹದಿನಾರು,
ಹತ್ತೊಂಬತ್ತು,
ಇಪ್ಪತ್ತನಾಲ್ಕು.
ಒಂದು ಸಂಜೆ ಮೇಲೆ ಹಾಡು ಶುರುವಾಯಿತು.
ಮೂರು ಕಾಜಾ ಮುಗಿಸಿ ಚಹಾ ಕುಡಿದು ಬಂದೆ,
ಎಲ್ವಿನೊ ಅದೇ ಎರಡು ತಂತಿಯ ಮೇಲೆ ಅಲೆಯುತ್ತಿದ್ದ.
'ಈಗ ಹೀಗೇ ಬೇಕಂತೆ,' ಇಳಿಯುವಾಗ ಹೇಳಿದ,
ನನಗಲ್ಲ, ಮೆಟ್ಟಿಲಿಗೆ.
ಕುಣಿಯುತ್ತಿದ್ದವರು ನೆಲಕ್ಕೆ ಕೂತು ಕಣ್ಣು ಮುಚ್ಚುತ್ತಾರಂತೆ.
ಸಿತಾರು ಇಲ್ಲವೇ ಎಂದು ಕೇಳುತ್ತಾರಂತೆ,
ಇಗರ್ಜಿಯಲ್ಲಿ ಪಿಟೀಲು ಕಲಿತ ಇವನನ್ನು.

ಯಾಕೆ ಮುಗಿಯಿತು? ಒಬ್ಬೊಬ್ಬರದು ಒಂದೊಂದು.
ಡ್ರಮ್ಮಿನ ಹೋಮಿ ಹೋಟೆಲಿನ ಸೇಠನನ್ನು ಬೈದ:
ರೆಕಾರ್ಡು ಹಾಕುವ ಪೆಟ್ಟಿಗೆ ತಂದಿದ್ದಾನೆ,
ಅದಕ್ಕೆ ಸಂಬಳವಿಲ್ಲ, ತೆರಿಗೆಯಿಲ್ಲ,
ರಾತ್ರಿ ಹನ್ನೆರಡಕ್ಕೆ ಮಟನ್ ಕೇಳುವುದಿಲ್ಲ.
ಮಂಗಳೂರಿನ ವಲೇರಿಯನ್
(ಯಾರೂ ಇಲ್ಲದಾಗ ಮಾತ್ರ ನನ್ನೊಡನೆ ಕನ್ನಡ)
ತಾರದೇವದ ಸ್ಟುಡಿಯೋ ಸೇರಿದ.
'ಸಿನೆಮಾದಲ್ಲಿ ಕಳ್ಳ ಗೋಡೆ ಹಾರುವಾಗ
ಟಣ್ ಅಂತದಲ್ಲ ಮಾರಾಯ, ಅದು ನಾನು.'
ಟೆರೆನ್ಸ್ ಕಾರಣ ಹೇಳಲಿಲ್ಲ. ಪರ್ತ್‌ನ ಹಡಗು ಹತ್ತಿದ.
ಹೊಲಿಸಿದ ಕೋಟು ಒಯ್ಯಲಿಲ್ಲ,
ಅದರ ಅಸ್ತರು ಈಗಲೂ ನನ್ನ ಸೂಜಿ ಚೀಲ.

ನನಗೆ ಗೊತ್ತಾದದ್ದು ಬೇರೆ ಥರ.
ಮೀಸೆ ಮೂಡದ ಹುಡುಗನೊಬ್ಬ ಬಂದ,
ಬಾಟಮ್ ಇಪ್ಪತ್ತಾರು ಬೇಕು, ನೆಲ ಗುಡಿಸಬೇಕು ಅಂದ.
ಮೇಲಿಂದ ಗಿಟಾರು ಕೇಳಿಸಿತು.
'ಟ್ರಾಮ್‌ಲೈನ್ಸಾ? ಇನ್ನೂ ಇದ್ದಾರಾ?
ನಮ್ಮಣ್ಣ ಕೇಳುತ್ತಿದ್ದ.'
ಬೈಗುಳ ಕೂಡ ಅಲ್ಲ ಅದು.
ಅಣ್ಣನ ಪ್ಯಾಂಟು ಬಿಚ್ಚಿ ತಮ್ಮನಿಗೆ ಹೊಲಿದದ್ದುಂಟು ನಾವು.
ಹಾಡಿಗೆ ಆ ಕೆಲಸ ಯಾರೂ ಮಾಡಿರಲಿಲ್ಲ.

ಎಪ್ಪತ್ಮೂರರಲ್ಲಿ ಎಲ್ವಿನೊ ಅದೇ ಕೋಟು ತಂದ.
ಬಂದರಿನ ಕಚೇರಿಯಲ್ಲಿ ಗುಮಾಸ್ತಿಕೆ.
ಕಾಲರ್ ಬೇಕು, ಗುಂಡಿ ಎರಡೇ ಸಾಕು.
ಆ ಬಣ್ಣದ ಬಟ್ಟೆ ಊರಲ್ಲೆಲ್ಲೂ ಇರಲಿಲ್ಲ.
ಮಾಸ್ತರರು ಒಳಮಡಿಕೆಯಲ್ಲಿ ಬಿಟ್ಟಿದ್ದನ್ನು ಬಿಚ್ಚಿ
ಹೇಗೋ ಒಂದು ಕಾಲರು ಎಬ್ಬಿಸಿದರು,
ಅದೊಂದೇ ಹೊಸದರಂತೆ ಕಪ್ಪಗಿತ್ತು.
ಹೊಲಿಗೆಯಾದರೆ ಬಿಚ್ಚಬಹುದು.
ಕಾಜಾ ಕತ್ತರಿಸಿದ್ದು ಕತ್ತರಿಸಿದ್ದೇ.
ಹೆಚ್ಚಾದ ಎರಡನ್ನು ಸಣ್ಣ ದಾರದಲ್ಲಿ ಮುಚ್ಚಿದೆ;
ಬೆಳಕಿಗೆ ಹಿಡಿದರೆ ಕಾಣುತ್ತಿತ್ತು.

ಟೇಪು ಸುತ್ತಿದಾಗ ಅವನು ಉಸಿರು ಹಿಡಿದು
ವೇದಿಕೆಯ ಮೇಲಿನಂತೆ ಎದೆ ಎತ್ತಿ ನಿಂತ.
'ಹೊಟ್ಟಿ ಎಳಕೋಬ್ಯಾಡ್ರಿ ಸಾಹೇಬರ, ಉಸುರು ಬಿಡ್ರಿ,'
ಮಾಸ್ತರರು ಕನ್ನಡದಲ್ಲೇ ಅಂದರು.
ಅರ್ಥವಾದವನಂತೆ ಬಿಟ್ಟ.

ಮೂವತ್ತನಾಲ್ಕು ಅಂತ ಬರೆದುಕೊಂಡೆ.